ಮಾಗಿಯ ಚಳಿಯೂ ಡೀಸೆಲ್ ಇಂಜಿನ್ನೂ: ಒಂದು ಇತಿಹಾಸ

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ‘ನೀವೂ ಒಂದು ಲೇಖನ ಕೊಡಲೇಬೇಕು’ ಎಂದು ಕಾರ್ಯದರ್ಶಿಗಳು ಮನೆಗೇ ಬಂದು ಹೇಳಿಹೋದರು. ಇಂಥ ಸಂದರ್ಭದಲ್ಲಿ ಸಹಕಾರ ಚಳವಳಿಯ ಇತಿಹಾಸ ಬರೆಯುವುದು ವಾಡಿಕೆ. 1904ರ ಕಾಯಿದೆ, ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ, ಇವೆಲ್ಲ ಬಲ್ಲವರ ಕೈಯಿಂದ ಬೇರೆ ಪುಟಗಳಲ್ಲಿ ಬಂದೇ ಬರುತ್ತವೆ. ನಾನು ಕೆಲವು ವರ್ಷ ಸಾಲದ ಅರ್ಜಿ ನೋಡುವ ಸಮಿತಿಯಲ್ಲಿ ಕೂತವನು. ಆ ಅರ್ಜಿಗಳಲ್ಲಿ ಪ್ರತಿ ಸಂಕ್ರಾಂತಿಯ ಹೊತ್ತಿಗೆ ಒಂದು ವಾಕ್ಯ ತಪ್ಪದೆ ಬರುತ್ತಿತ್ತು: ‘ಚಳಿಗಾಲದಲ್ಲಿ ಇಂಜಿನ್ ಸ್ಟಾರ್ಟ್ ಆಗದೆ ಇರುವುದರಿಂದ ಹೊಸದನ್ನು ಕೊಳ್ಳಲು ಮಧ್ಯಮಾವಧಿ ಸಾಲ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.’ ಈ ವಾಕ್ಯಕ್ಕೂ ನೂರು ವರ್ಷಕ್ಕೆ ಮೀರಿದ ಇತಿಹಾಸವಿದೆ. ಅದನ್ನೇ ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ.

ನಮ್ಮ ಮಲೆನಾಡಿನಲ್ಲಿ ಡಿಸೆಂಬರ್ ಜನವರಿ ಎಂದರೆ ಸುಗ್ಗಿ. ಕಣದಲ್ಲಿ ಬತ್ತದ ಮೆದೆ ಇಬ್ಬನಿ ಕುಡಿದು ಕೂತಿರುತ್ತದೆ. ಆಳುಗಳು ಕಂಬಳಿ ಹೊದ್ದು ಒಲೆ ಮುಂದೆ ಕೂತಿರುತ್ತಾರೆ. ಬೆಳಗ್ಗೆ ಆರೂವರೆಗೆ ಟಿಲ್ಲರೋ ಸಣ್ಣ ಟ್ರ್ಯಾಕ್ಟರೋ ಹಿಡಿದರೆ ಆ ದಿನದ ಒಕ್ಕಲು ಆದಂತೆ. ಎಂಟೂವರೆವರೆಗೆ ಹ್ಯಾಂಡಲ್ ಹೊಡೆಯುತ್ತಾ ಕೂತರೆ ಅರ್ಧ ದಿನದ ಕೂಲಿ ಬೂದಿ. ಮಗ್ಗುಲ ಮನೆಯವರ ಪೆಟ್ರೋಲ್ ಸ್ಕೂಟರು ಒಂದೇ ಒದೆಗೆ ಶುರುವಾಗುತ್ತದೆ, ನಮ್ಮದು ಮಾತ್ರ ಬಿಳಿ ಹೊಗೆ ಉಗುಳಿ ಸುಮ್ಮನಾಗುತ್ತದೆ. ಯಾಕೆ?

ಪೆಟ್ರೋಲ್ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇದೆ. ಡೀಸೆಲ್ಲಿಗೆ ಕಿಡಿ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೀರಿ. ಅದೇ ಬಿಸಿ ಡೀಸೆಲ್ ಇಂಜಿನ್ನಿನ ಬೆಂಕಿಕಡ್ಡಿ. ಒಳಗೆ ಎಳೆದುಕೊಂಡ ಗಾಳಿಯನ್ನು ಹದಿನೆಂಟರಲ್ಲಿ ಒಂದು ಪಾಲಿಗೆ ಅದುಮಿದರೆ ಅದು ಕೆಂಡದಂತೆ ಕಾಯುತ್ತದೆ. ಆ ಕ್ಷಣಕ್ಕೆ ನಾಜಲ್ ಮಂಜಿನಂತೆ ಡೀಸೆಲ್ ಸಿಡಿಸುತ್ತದೆ, ಅದು ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಈ ವಿಚಾರಕ್ಕೆ 1892ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಒದ್ದಾಡಿ, 1897ರ ಫೆಬ್ರವರಿಯಲ್ಲಿ ಪ್ರೊಫೆಸರ್ ಶ್ರೋಟರ್ ಎಂಬವರ ಮುಂದೆ ಅದನ್ನು ಓಡಿಸಿ ತೋರಿಸಿದ. ಸುಟ್ಟ ಎಣ್ಣೆಯ ಶಾಖದಲ್ಲಿ ನೂರಕ್ಕೆ 26 ಪಾಲು ಕೆಲಸಕ್ಕೆ ಬಂತು. ಆ ಕಾಲದ ಹಬೆ ಯಂತ್ರಗಳಿಗೆ ಅದು ಕನಸಿನ ಮಾತು. ಆದರೆ ಆ ಇಂಜಿನ್ ಆಳಿಗಿಂತ ಎತ್ತರ, ನೆಲಕ್ಕೆ ಹೂತು ನಿಲ್ಲಿಸುವಂಥದು. ಅದನ್ನು ಗದ್ದೆಗೆ ಇಳಿಸುವ ಮಾತೇ ಇರಲಿಲ್ಲ.

ಸಣ್ಣದು ಮಾಡಿದರೆ ಏನು ತೊಂದರೆ ಎಂದು ಕೇಳಬಹುದು. ಹಂಡೆಯ ನೀರು ಸಂಜೆಯವರೆಗೂ ಬೆಚ್ಚಗಿರುತ್ತದೆ, ಲೋಟದ ಕಾಫಿ ಮಾತಾಡಿ ಮುಗಿಸುವುದರೊಳಗೆ ಆರಿರುತ್ತದೆ. ಸಿಲಿಂಡರ್ ಚಿಕ್ಕದಾದಷ್ಟೂ ಒಳಗಿನ ಗಾಳಿ ಕಡಿಮೆ, ಸುತ್ತಲಿನ ತಣ್ಣನೆ ಕಬ್ಬಿಣವೇ ಹೆಚ್ಚು. ಅದುಮಿ ಹುಟ್ಟಿಸಿದ ಬಿಸಿಯನ್ನು ಗೋಡೆಯೇ ನುಂಗಿಬಿಡುತ್ತದೆ. ಅಂದಮೇಲೆ ಚಳಿಯಲ್ಲಿ ಎಲ್ಲರಿಗಿಂತ ಹೆಚ್ಚು ತಕರಾರು ಮಾಡುವುದು ಸಣ್ಣ ಹಿಡುವಳಿದಾರನ ಸಣ್ಣ ಇಂಜಿನ್ನೇ.

ಈ ತಕರಾರಿಗೆ ಮೊದಲ ಉತ್ತರ ಬೆಂಕಿ. ಇಂಗ್ಲೆಂಡಿನ ಹರ್ಬರ್ಟ್ ಆಕ್ರಾಯ್ಡ್ ಸ್ಟುವರ್ಟ್ 1890ರಲ್ಲೇ ಬೇರೊಂದು ಬಗೆಯ ಎಣ್ಣೆ ಇಂಜಿನ್ನಿಗೆ ಪೇಟೆಂಟ್ ಪಡೆದಿದ್ದ. ಅದರಲ್ಲಿ ಗಾಳಿಯನ್ನು ಅಷ್ಟೊಂದು ಅದುಮುವುದಿಲ್ಲ. ಸಿಲಿಂಡರಿನ ತಲೆಗೆ ಒಂದು ಕಬ್ಬಿಣದ ಬುರುಡೆ. ಅದನ್ನು ಹೊರಗಿನಿಂದ ಬ್ಲೋ ಲ್ಯಾಂಪ್ ಹಿಡಿದು ಕಾಯಿಸಬೇಕು. ಒಮ್ಮೆ ಓಡತೊಡಗಿದರೆ ತನ್ನ ಉರಿಯಿಂದ ತಾನೇ ಬಿಸಿ ಉಳಿಸಿಕೊಳ್ಳುತ್ತದೆ. ಇದೇ ಬಗೆಯ ಇಂಜಿನ್ ಇಟ್ಟು ಜರ್ಮನಿಯ ಮಾನ್‌ಹೈಮಿನ ಲಾಂಜ್ ಕಂಪನಿ 1921ರಲ್ಲಿ ‘ಬುಲ್‌ಡಾಗ್’ ಎಂಬ ಟ್ರ್ಯಾಕ್ಟರು ತಂದಿತು. ರೂಪಿಸಿದವರು ಫ್ರಿಟ್ಜ್ ಹ್ಯೂಬರ್. ಒಂದೇ ಸಿಲಿಂಡರು, 12 ಹಾರ್ಸ್ ಪವರ್. ಅಲ್ಲಿನ ರೈತ ಬೆಳಗ್ಗೆ ಎದ್ದು ಮೊದಲು ಲ್ಯಾಂಪ್ ಹೊತ್ತಿಸಿ ಬುರುಡೆಯ ಕೆಳಗಿಡುತ್ತಿದ್ದ. ಅದು ಕಾಯುವುದರೊಳಗೆ ಹಸುವಿಗೆ ಹುಲ್ಲು ಹಾಕಿ ಬರಬಹುದಿತ್ತು. ಮುಂದಿನ ಮಾದರಿಗಳಲ್ಲಿ ಸ್ಟೀರಿಂಗ್ ಚಕ್ರವನ್ನೇ ಕೋಲಿನ ಸಮೇತ ಕಿತ್ತು ಪಕ್ಕದ ಫ್ಲೈವೀಲಿಗೆ ಸಿಕ್ಕಿಸಿ ತಿರುಗಿಸುತ್ತಿದ್ದರು. ಈ ಇಂಜಿನ್ ಯಾವ ಕಡೆಗೆ ಬೇಕಾದರೂ ತಿರುಗಬಲ್ಲದು. ಮೊದಲ ಬುಲ್‌ಡಾಗಿಗೆ ರಿವರ್ಸ್ ಗೇರೇ ಇರಲಿಲ್ಲ; ಹಿಂದಕ್ಕೆ ಹೋಗಬೇಕಾದರೆ ಇಂಜಿನ್ನನ್ನೇ ಉಲ್ಟಾ ಓಡಿಸುವುದು! ನಮ್ಮ ಕಡೆಯ ಡ್ರೈವರುಗಳ ಕೈಗೆ ಕೊಟ್ಟಿದ್ದರೆ ಗತಿ ಏನಾಗುತ್ತಿತ್ತೋ.

ಅಮೆರಿಕದವರು ದುಡ್ಡಿದ್ದವರು. ಅವರು ಬೆಂಕಿ ಹಚ್ಚುವ ಬದಲು ಇಂಜಿನ್ನಿಗೆ ಇನ್ನೊಂದು ಇಂಜಿನ್ ಕಟ್ಟಿದರು. ಕ್ಯಾಟರ್‌ಪಿಲ್ಲರ್ ಕಂಪನಿ 1931ರಲ್ಲಿ ಹೊರತಂದ ಡೀಸೆಲ್ ಟ್ರ್ಯಾಕ್ಟರಿನ ಪಕ್ಕದಲ್ಲಿ ಎರಡು ಸಿಲಿಂಡರಿನ ಒಂದು ಮರಿ ಪೆಟ್ರೋಲ್ ಇಂಜಿನ್ ಇತ್ತು. ಮೊದಲು ಮರಿಯನ್ನು ಕೈಯಿಂದ ಶುರು ಮಾಡಿ, ಅದರ ಬಲದಿಂದ ತಾಯಿಯನ್ನು ಸಾವಕಾಶವಾಗಿ ತಿರುಗಿಸಿ, ಬೆಚ್ಚಗಾದ ಮೇಲೆ ಡೀಸೆಲ್ ಬಿಡುವುದು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಡಬ್ಲ್ಯು.ಡಿ. 40 ಎಂಬ 1935ರ ಟ್ರ್ಯಾಕ್ಟರು ಇನ್ನೂ ಚಮತ್ಕಾರದ್ದು. ಅದೇ ಇಂಜಿನ್ ಮೊದಲು ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ, ಕಿಡಿ ಪ್ಲಗ್ಗಿನಿಂದ ಓಡುತ್ತಿತ್ತು. ಬಿಸಿಯಾದ ಮೇಲೆ ಡೀಸೆಲ್ಲಿಗೆ ಬದಲಾಗುತ್ತಿತ್ತು. ಚಂದವೇನೋ ಹೌದು, ಆದರೆ ಒಂದು ಟ್ರ್ಯಾಕ್ಟರಿನ ದುಡ್ಡಿನಲ್ಲಿ ಎರಡು ಇಂಜಿನ್ ಸಾಕುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಇಂಗ್ಲೆಂಡಿನವರ ಉಪಾಯ ಕೇಳಿದರೆ ನಗು ಬರುತ್ತದೆ. 1945ರಲ್ಲಿ ಗೇನ್ಸ್‌ಬರೋ ಊರಿನ ಮಾರ್ಷಲ್ ಕಂಪನಿ ‘ಫೀಲ್ಡ್ ಮಾರ್ಷಲ್’ ಮಾಡಿತು. ಒಂದೇ ಸಿಲಿಂಡರು, ಒಳಗೆ ಆರು ಲೀಟರ್ ಜಾಗ. ಪೆಟ್ಲುಪ್ಪು ಹಾಕಿದ ಕಾಗದವನ್ನು ಸುರುಳಿ ಸುತ್ತಿ, ತುದಿಗೆ ಬೆಂಕಿ ತಾಗಿಸಿ, ಅದು ಗುಮುಗುಮು ಉರಿಯುತ್ತಿರುವಾಗಲೇ ಸಿಲಿಂಡರಿನ ತಲೆಗೆ ತಿರುಪಬೇಕು. ಆಮೇಲೆ ಹ್ಯಾಂಡಲ್. ಹ್ಯಾಂಡಲ್ ಹೊಡೆಯಲು ಆಗದವರಿಗೆ ಬಂದೂಕಿನ ತೋಟಾ! ಗುಂಡಿಲ್ಲದ ತೋಟಾವನ್ನು ತೂತಿಗೆ ಹಾಕಿ, ಮೊಳೆಯ ಮೇಲೆ ಸುತ್ತಿಗೆಯಿಂದ ಒಂದೇಟು. ಢಮ್ ಎಂದು ಸಿಡಿದ ಹೊಗೆಯೇ ಪಿಸ್ಟನ್ನನ್ನು ನೂಕಿ ಇಂಜಿನ್ ಶುರು ಮಾಡುತ್ತಿತ್ತು.

ಈ ಫೀಲ್ಡ್ ಮಾರ್ಷಲ್ಲಿನಲ್ಲಿ ಇನ್ನೊಂದು ಉಪಾಯವಿತ್ತು, ಅದು ನಮ್ಮ ಮನೆಯ ಟಿಲ್ಲರಿನವರೆಗೂ ನಡೆದುಬಂದಿದೆ. ಅದೇ ಡಿಕಂಪ್ರೆಷನ್. ಗಾಳಿ ಅದುಮುವುದೇ ಕಷ್ಟವಾದರೆ, ಮೊದಲು ವಾಲ್ವನ್ನು ತುಸು ತೆರೆದಿಟ್ಟು ಇಂಜಿನ್ನನ್ನು ಬರಿದೇ ತಿರುಗಿಸಿ ವೇಗ ಕೊಡು, ಫ್ಲೈವೀಲಿಗೆ ತೂಕ ಬಂದ ಮೇಲೆ ವಾಲ್ವ್ ಮುಚ್ಚು. ಆ ತೂಕವೇ ಪಿಸ್ಟನ್ನನ್ನು ಮೇಲಕ್ಕೆ ದಾಟಿಸುತ್ತದೆ. ಫೀಲ್ಡ್ ಮಾರ್ಷಲ್ಲಿನಲ್ಲಿ ಫ್ಲೈವೀಲಿನ ಮೇಲೆ ಕೊರೆದ ಸುರುಳಿ ಗಾಡಿಯೇ ಇಷ್ಟು ಸುತ್ತು ಎಂದು ಲೆಕ್ಕ ಇಟ್ಟು ವಾಲ್ವ್ ಮುಚ್ಚುತ್ತಿತ್ತು. ನಮ್ಮ ಟಿಲ್ಲರಿನಲ್ಲಿ ಆ ಲೆಕ್ಕ ಎಡಗೈಯದು.

ಬ್ಯಾಟರಿ ಮತ್ತು ಸೆಲ್ಫು ಬಂದ ಮೇಲೂ ಚಳಿ ಬಿಡಲಿಲ್ಲ. ನಮ್ಮವರು ‘ಹೀಟರ್’ ಎನ್ನುವ ಗ್ಲೋ ಪ್ಲಗ್ ಸಿಲಿಂಡರಿನೊಳಗೇ ಕೆಂಪಗೆ ಕಾಯುವ ಸಣ್ಣ ಕಡ್ಡಿ. ಆ ಹಳೆಯ ಬುರುಡೆಯ ಮೊಮ್ಮಗ ಎನ್ನಬಹುದು. ಅದಿದ್ದೂ ದೊಡ್ಡ ಕಂಪನಿಗಳು ಎಡವಿದವು. ಫರ್ಗುಸನ್ ಟ್ರ್ಯಾಕ್ಟರಿನ ಹೆಸರು ಕೇಳದವರಿಲ್ಲ. 1956ರಲ್ಲಿ ಬಂದ ಅವರ 35 ಮಾದರಿಗೆ ಮೊದಲು ಹಾಕಿದ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್, ಇಂಗ್ಲೆಂಡಿನ ಚಳಿಗೆ ಬೆಳಗ್ಗೆ ಏಳದ ಸೋಮಾರಿ ಎಂದು ಅಪಖ್ಯಾತಿ ಪಡೆಯಿತು. 1959ರಲ್ಲಿ ಕಂಪನಿ ಪರ್ಕಿನ್ಸ್ ಎಂಬ ಇಂಜಿನ್ ಕಾರ್ಖಾನೆಯನ್ನೇ ಕೊಂಡು, ಆ ಟ್ರ್ಯಾಕ್ಟರಿಗೆ ಪರ್ಕಿನ್ಸರ ಮೂರು ಸಿಲಿಂಡರಿನ ಇಂಜಿನ್ ಹಾಕಿತು. ಅದು ಚಳಿಗೆ ಜಗ್ಗಲಿಲ್ಲ, ಹೆಸರು ಉಳಿಯಿತು. ಮರುವರ್ಷ ಮದರಾಸಿನಲ್ಲಿ ಟಾಫೆ ಕಂಪನಿ ಇದೇ ಮ್ಯಾಸಿ ಫರ್ಗುಸನ್ನರ ಸಹಯೋಗದಲ್ಲಿ ಹುಟ್ಟಿತು. ನಮ್ಮ ತಾಲ್ಲೂಕಿನ ಸಂತೆಗಳಿಗೆ ಬರುವ ಕೆಂಪು ಮ್ಯಾಸಿಗಳ ಮನೆತನದ ಕಥೆ ಇದು.

ಹೀಗೆ ಹಿಮದ ನಾಡಿನಲ್ಲಿ ಪಾಠ ಕಲಿತ ಯಂತ್ರಗಳೇ ನಮ್ಮಲ್ಲಿಗೆ ಬಂದವು. ಜರ್ಮನಿಯ ಐಷರ್ ಸಹಯೋಗದಲ್ಲಿ 1959ರಲ್ಲಿ ಫರೀದಾಬಾದಿನಿಂದ ಟ್ರ್ಯಾಕ್ಟರು ಹೊರಬಂತು. ನಮ್ಮ ಬೆಂಗಳೂರಿನ ಎಚ್.ಎಂ.ಟಿ.ಯವರು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯದ ಜೀಟರ್ ಕಂಪನಿಯ 25 ಹಾರ್ಸ್ ಪವರಿನ ಟ್ರ್ಯಾಕ್ಟರು ಮಾಡತೊಡಗಿದರು. ಅದು ಎರಡು ಸಿಲಿಂಡರಿನ ಗಟ್ಟಿ ಆಸಾಮಿ. ಆ ಕಾರ್ಖಾನೆಯನ್ನು ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿತು. ಟ್ರ್ಯಾಕ್ಟರಿನಲ್ಲಿ ಎಚ್.ಎಂ.ಟಿ. ಎಂಬ ಹೆಸರು ನೆನಪಿಗೆ ಸಂದಿತು. 1974ರಲ್ಲಿ ದುರ್ಗಾಪುರದ ಸರ್ಕಾರಿ ಸಂಶೋಧನಾಲಯದ ವಿನ್ಯಾಸದಿಂದ ಪಂಜಾಬಿನಲ್ಲಿ ಸ್ವರಾಜ್ ಬಂತು, ಅದಕ್ಕೆ ಕಿರ್ಲೋಸ್ಕರ್ ಇಂಜಿನ್. ನಮ್ಮ ಮಲೆನಾಡಿನ ತುಂಡು ಗದ್ದೆಗಳಿಗೆ ಇವೆಲ್ಲ ದೊಡ್ಡವು. ಇಲ್ಲಿಗೆ ಹೊಂದಿದ್ದು ಜಪಾನಿನ ಕೈಟ್ರ್ಯಾಕ್ಟರು, ಅಂದರೆ ಪವರ್ ಟಿಲ್ಲರ್. 1967ರಲ್ಲಿ ಬೆಂಗಳೂರಿನಲ್ಲಿ ವಿ.ಎಸ್.ಟಿ.ಯವರು ಮಿತ್ಸುಬಿಷಿ ಸಹಯೋಗದಲ್ಲಿ, 1973ರಿಂದ ಕೇರಳದ ಅತ್ತಾಣಿಯಲ್ಲಿ ಕಾಮ್ಕೊದವರು ಕುಬೋಟಾ ಸಹಯೋಗದಲ್ಲಿ ಇದನ್ನು ತಂದರು. ಒಂದೇ ಸಿಲಿಂಡರು, ಹನ್ನೆರಡು ಹದಿಮೂರು ಹಾರ್ಸ್ ಪವರು, ಬ್ಯಾಟರಿ ಇಲ್ಲ, ಹೀಟರ್ ಇಲ್ಲ. ಹ್ಯಾಂಡಲ್, ಡಿಕಂಪ್ರೆಷನ್ ಲಿವರ್, ಮತ್ತೆ ಯಜಮಾನನ ರಟ್ಟೆ.

ಆ ರಟ್ಟೆಯ ಕಥೆ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಗೆ ಬಂದದ್ದು ಹಳೆಯ ಟಿಲ್ಲರು. ಒಂದು ಜನವರಿ ಬೆಳಗ್ಗೆ ಹತ್ತಿಪ್ಪತ್ತು ಸಲ ಹೊಡೆದು ಸೋತು, ಸಿಟ್ಟಿನಿಂದ ಹ್ಯಾಂಡಲನ್ನು ಹೆಬ್ಬೆರಳು ಸುತ್ತಿ ಬಿಗಿಯಾಗಿ ಹಿಡಿದು ಹೊಡೆದೆ. ವೇಗ ಸಾಲದೆ ಇದ್ದಾಗಲೇ ಲಿವರ್ ಬಿಟ್ಟೆ. ಪಿಸ್ಟನ್ ಮೇಲಿನ ತುದಿ ದಾಟುವ ಮೊದಲೇ ಡೀಸೆಲ್ ಹೊತ್ತಿತು, ಇಂಜಿನ್ ಹಿಂದಕ್ಕೆ ಒದೆಯಿತು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಇಂಗ್ಲಿಷ್ ವೈದ್ಯದಲ್ಲಿ ಈ ಮುರಿತಕ್ಕೆ ‘ಡ್ರೈವರನ ಮುರಿತ’ ಎಂದೇ ಹೆಸರಿದೆ ಎಂದು ಡಾಕ್ಟರು ಹೇಳಿದರು. ಮೋಟಾರು ಬಂದ ಮೊದಲ ದಿನಗಳಲ್ಲಿ ಅಷ್ಟು ಜನರ ಕೈ ಹೀಗೆ ಹೋಗಿತ್ತಂತೆ. ಆ ಸುಗ್ಗಿಯನ್ನೆಲ್ಲ ನಾನು ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕಳೆದೆ. ಹೆಬ್ಬೆರಳನ್ನು ಬೆರಳುಗಳ ಪಕ್ಕಕ್ಕೇ ಇಡಬೇಕು, ಹ್ಯಾಂಡಲನ್ನು ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯಬೇಕು, ಆಗ ಒದ್ದರೂ ಹಿಡಿ ತಾನಾಗಿ ಜಾರಿಹೋಗುತ್ತದೆ ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮಾರಿದವರು ಸಾಲದ ಕಂತು ಹೇಳಿದ್ದರು, ಇದನ್ನು ಹೇಳಲಿಲ್ಲ.

ಪೇಟೆಯಿಂದ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಕರೆಸಿದೆವು. ‘ಚಳಿ ಜಾಸ್ತಿ ಮೇಸ್ತ್ರೀ, ಅದಕ್ಕೇ ಹಿಡೀತಿಲ್ಲ’ ಎಂದೆ. ಅವರು ಏನೂ ಹೇಳದೆ ಹ್ಯಾಂಡಲನ್ನು ಒಂದೇ ಕೈಯಲ್ಲಿ ಮೆಲ್ಲಗೆ, ಲಿವರ್ ಒತ್ತದೆ ತಿರುಗಿಸಿದರು. ಅದು ಸುಲಭವಾಗಿ ದಾಟಿಹೋಯಿತು. ‘ನೋಡಿ ಗೌಡ್ರೇ, ಹೀಗೆ ದಾಟಬಾರ್ದು. ನಿಮ್ಮನ್ನ ತಡೀಬೇಕು.’ ಆಮೇಲೆ ಏರ್ ಕ್ಲೀನರಿನ ಕೊಳವೆ ಬಿಚ್ಚಿ, ಒಂದೆರಡು ಚಮಚ ಇಂಜಿನ್ ಆಯಿಲ್ಲನ್ನು ಗಾಳಿದಾರಿಗೆ ಬಿಟ್ಟು, ನಾಲ್ಕು ಸುತ್ತು ಬರಿದೇ ತಿರುಗಿಸಿ, ಒಂದೇ ಹೊಡೆತ. ಟಪ್ ಟಪ್ ಎಂದು ಹಿಡಿಯಿತು! ನಾನು ಸಂತೋಷಪಟ್ಟರೆ ಅವರು ತಲೆ ಆಡಿಸಿದರು. ‘ಚಳಿ ಅಲ್ಲ ಕಣ್ರೀ. ಆಯಿಲ್ ಬಿಟ್ಟು ಗಾಳಿ ಕಟ್ಟಿದ್ದಕ್ಕೆ ಹಿಡೀತು. ರಿಂಗ್ ಹೋಗಿದೆ. ಚಳಿ ಪಾಪ ಅದನ್ನ ತೋರಿಸ್ಕೊಡ್ತು ಅಷ್ಟೆ.’

ಈ ಮಾತು ನಿಜವೇ ಎಂದು ನಾನು ಮುಂದೆ ಪುಸ್ತಕದ ಸೂತ್ರ ಹಿಡಿದು ಲೆಕ್ಕ ಹಾಕಿ ನೋಡಿದೆ. ಸೂತ್ರದ ಲೆಕ್ಕ ಎಂಬುದು ನೆನಪಿರಲಿ, ಸಿಲಿಂಡರಿನೊಳಗೆ ಥರ್ಮಾಮೀಟರ್ ಇಟ್ಟದ್ದಲ್ಲ. 27 ಡಿಗ್ರಿಯ ಗಾಳಿಯನ್ನು ಚೆನ್ನಾಗಿ, ವೇಗವಾಗಿ, ಸೋರದಂತೆ 18ರಲ್ಲಿ 1 ಪಾಲಿಗೆ ಅದುಮಿದರೆ ಸುಮಾರು 550 ಡಿಗ್ರಿ ಬರುತ್ತದೆ. ನಮ್ಮ ಮಾಗಿ ಬೆಳಗಿನ 10 ಡಿಗ್ರಿಯ ಗಾಳಿಯಾದರೆ ಸುಮಾರು 505. ಅಂದರೆ ಚಳಿ ಕದ್ದದ್ದು 45 ಡಿಗ್ರಿ ಮಾತ್ರ. ಅದೇ 10 ಡಿಗ್ರಿಯ ಗಾಳಿಯನ್ನು ನಿಧಾನವಾಗಿ, ರಿಂಗಿನ ಸಂದಿಯಲ್ಲಿ ಸೋರಿಸುತ್ತಾ, ಗೋಡೆಗೆ ಬಿಸಿ ಬಿಡುತ್ತಾ ಅದುಮಿದರೆ 310 ಡಿಗ್ರಿಯ ಆಸುಪಾಸಿಗೇ ನಿಲ್ಲಬಹುದು. ಡೀಸೆಲ್ ಸಾವಕಾಶವಾಗಿ ಕಾದರೆ 250 ಡಿಗ್ರಿಯ ಒಳಗೇ ಹೊತ್ತಿಕೊಳ್ಳುತ್ತದೆ ನಿಜ, ಆದರೆ ಇಂಜಿನ್ನಿನಲ್ಲಿ ಅದಕ್ಕೆ ಸಿಗುವುದು ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. 310 ಅಲ್ಲಿ ಸಾಲದು. ಬಿಳಿ ಹೊಗೆ ಎಂದರೆ ಹೊತ್ತದೇ ಹೋದ ಡೀಸೆಲ್ಲೇ.

ಎಣ್ಣೆಯೇ ಹೆಪ್ಪುಗಟ್ಟುವ ಚಳಿ ಬೇರೆ ಇದೆ. ಲಡಾಖಿನಲ್ಲಿ ಸಾಮಾನ್ಯ ಡೀಸೆಲ್ಲಿನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕೆಂದೇ ಇಂಡಿಯನ್ ಆಯಿಲ್‌ನವರು 2019ರಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ ತಂದರು. ಬ್ಯಾಟರಿಯೂ ಸೊನ್ನೆ ಡಿಗ್ರಿಯಲ್ಲಿ ಮೂರನೇ ಒಂದು ಪಾಲು ಬಲ ಕಳೆದುಕೊಳ್ಳುತ್ತದೆ. ಅದು ಚಳಿ. ನಮ್ಮ ಸಕಲೇಶಪುರ, ಮೂಡಿಗೆರೆ, ಮಡಿಕೇರಿಯ ಕಡೆ ಬರುವುದು ಕಂಬಳಿಗೆ ಹೆದರುವ ಚಳಿ. ಗಟ್ಟಿ ರಿಂಗ್, ಶುದ್ಧ ನಾಜಲ್ ಇರುವ ಇಂಜಿನ್ ಇದಕ್ಕೆ ಹಿಡಿಯಲೇಬೇಕು.

ಆದರೆ ಊರಲ್ಲಿ ಉಪಾಯಗಳಿಗೆ ಬರವಿಲ್ಲ. ರೇಡಿಯೇಟರಿಗೆ ಬಿಸಿನೀರು ಹಾಕುವುದು ಒಳ್ಳೆಯದೇ, ನಮ್ಮಜ್ಜಿ ಹಂಡೆ ಒಲೆಯಿಂದಲೇ ಕೊಡುತ್ತಿದ್ದರು. ಸಂಜೆಯೇ ಇಳಿಜಾರಿನಲ್ಲಿ ನಿಲ್ಲಿಸಿ ಬೆಳಗ್ಗೆ ಉರುಳಿಸಿಕೊಂಡು ಎರಡನೇ ಗೇರಿಗೆ ಹಾಕುವುದೂ ನಡೆದುಹೋಗುತ್ತದೆ, ಕೆಳಗೆ ಮಕ್ಕಳಿಲ್ಲವೆಂದು ನೋಡಿಕೊಂಡರೆ. ಸೆಲ್ಫ್ ಹೊಡೆಯುವಾಗ ಕ್ಲಚ್ ತುಳಿದರೆ ಗೇರ್ ಬಾಕ್ಸಿನ ಗಟ್ಟಿ ಆಯಿಲ್ ಕಲಕುವ ಭಾರ ತಪ್ಪುತ್ತದೆ. ಏರ್ ಕ್ಲೀನರಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಈಥರ್ ಡಬ್ಬಿ ಊದುವುದು ಮಾತ್ರ ಬೇಡ. ಅದು ಡೀಸೆಲ್ಲಿಗಿಂತ ಮೊದಲೇ ಹೊತ್ತಿ ಪಿಸ್ಟನ್ನಿನ ತಲೆಗೆ ಬಡಿಯುತ್ತದೆ, ಸವೆದ ರಿಂಗ್ ಮುರಿದೇ ಹೋಗುತ್ತದೆ. ಹೀಟರ್ ಕಾದಿರುವಾಗ ಊದಿದರೆ ಮುಖಕ್ಕೇ ಸಿಡಿಯಬಹುದು. ಆಯಿಲ್ ತೊಟ್ಟಿಯ ಕೆಳಗೆ ಹುಲ್ಲಿಗೆ ಬೆಂಕಿ ಹಾಕಿದವರನ್ನೂ ನೋಡಿದ್ದೇನೆ. ಪಕ್ಕದಲ್ಲೇ ಬತ್ತದ ಮೆದೆ!

ಮತ್ತೆ ಸಾಲದ ಅರ್ಜಿಗೆ ಬರುತ್ತೇನೆ. ಮೇಸ್ತ್ರಿಯ ಮಾತು ಕೇಳಿದ ಮೇಲೆ, ‘ಚಳಿಯಲ್ಲಿ ಹಿಡಿಯುವುದಿಲ್ಲ’ ಎಂಬ ಅರ್ಜಿ ಬಂದಾಗ ನಾನು ಸಮಿತಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದೆ: ‘ಮಧ್ಯಾಹ್ನ ಬಿಸಿಯಿದ್ದಾಗ ನಿಲ್ಲಿಸಿ ಹೊಡೆದರೆ ಹಿಡಿಯುತ್ತಾ? ಆಯಿಲ್ ಎಷ್ಟು ಕುಡಿಯುತ್ತೆ?’ ಕೆಲವರು ನಕ್ಕರು, ಕೆಲವರು ಸಾಲ ತಪ್ಪಿಸುವ ನೆಪ ಎಂದರು. ಒಬ್ಬ ಸದಸ್ಯರ ವಿಷಯದಲ್ಲಿ ನನ್ನ ಮಾತು ನಡೆಯಲಿಲ್ಲ, ನಾನೂ ಗಟ್ಟಿಯಾಗಿ ಹೇಳಲಿಲ್ಲ. ಅವರು ನಮ್ಮ ಬೀಗರ ಕಡೆಯವರು. ಸಾಲ ಮಂಜೂರಾಯಿತು. ಹಳೆಯ ಸಣ್ಣ ಟ್ರ್ಯಾಕ್ಟರನ್ನು ಗುಜರಿ ಬೆಲೆಗೆ ಕೊಟ್ಟು ಹೊಸದು ತಂದರು. ಮರುವರ್ಷ ಮೆಣಸು ಕೈಕೊಟ್ಟಿತು, ಕಂತು ನಿಂತಿತು, ಬಡ್ಡಿ ಬೆಳೆಯಿತು, ಕಡೆಗೆ ರಸ್ತೆ ಪಕ್ಕದ ಇಪ್ಪತ್ತು ಗುಂಟೆ ಗದ್ದೆ ಮಾರಿ ಸಂಘದ ಬಾಕಿ ಚುಕ್ತಾ ಮಾಡಿದರು. ಸಂಘಕ್ಕೆ ನಷ್ಟವಾಗಲಿಲ್ಲ, ಆ ವರ್ಷದ ವರದಿಯಲ್ಲಿ ವಸೂಲಾತಿ ಚೆನ್ನಾಗಿಯೇ ಕಾಣುತ್ತದೆ.

ಆ ಹಳೆಯ ಟ್ರ್ಯಾಕ್ಟರನ್ನು ಕೊಂಡವರು ಪಕ್ಕದ ಊರಿನವರು. ಸಿಲಿಂಡರ್ ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಹಾಕಿಸಿ, ನಾಜಲ್ ಸರಿ ಮಾಡಿಸಿಕೊಂಡರು. ಸುಗ್ಗಿಯಲ್ಲಿ ಬೆಳಗ್ಗೆ ಏಳಕ್ಕೆ ಮುಂಚೆ ಅದು ಹುಲ್ಲು ಹೇರಿಕೊಂಡು ಸಂಘದ ಕಟ್ಟಡದ ಮುಂದಿನ ರಸ್ತೆಯಲ್ಲೇ ಹೋಗುತ್ತದೆ. ಸದ್ದು ಕೇಳಿದರೆ ನನಗೆ ಗುರುತು ಸಿಗುತ್ತದೆ. ಅವರಿಗೂ ಸಿಗುತ್ತದೆ, ಆ ಹೊತ್ತಿಗೆ ಅವರು ಅಂಗಡಿಯ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿರುತ್ತಾರೆ, ತಲೆ ಎತ್ತುವುದಿಲ್ಲ.